ಐಬು ಹೇಳಿ ಫೋನ್ ಮಾರುವ ಜಿಲಾನಿ

ಜಿಲಾನಿಯವರನ್ನು ನಾನು ಮೊದಲ ಸಲ ನೋಡಿದ್ದು ತಿಕೋಟಾ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ. ಐವತ್ತು ದಾಟಿದ ಮನುಷ್ಯ, ಹೆಗಲ ಮೇಲೆ ಮಡಿಸಿ ಹಾಕಿದ ವಲ್ಲಿ, ಕೈಯಲ್ಲಿ ಚಹಾದ ಬಸಿ. ಸುತ್ತಲೂ ನಾಲ್ಕೈದು ಮಂದಿ ರೈತರು ತಮ್ಮ ಚಹಾ ಆರುವುದನ್ನೂ ಮರೆತು ಅವರ ಮಾತು ಕೇಳುತ್ತಿದ್ದರು.

"ಇಬ್ರು ಅಣ್ಣತಮ್ಮರು. ಹಿರ್ಯಾಂವ ಬಾಳ ಶಾಣ್ಯಾ, ಖರೇ ಬಾಯಿ ಇಲ್ಲ. ಸಣ್ಣಾಂವಗ ಬರೇ ಬಾಯಿ. ಕೂಡಿ ಇರೂತನಾ ಛಲೋ ನಡೀತು. ಸಣ್ಣಾಂವನ ಹೇಂತಿ ಬಂದ ಮ್ಯಾಲ ಮನ್ಯಾಗ ಎರಡು ಒಲಿ ಆದವು."

"ಪಾಲು ಹೆಂಗ ಆತು?" ಒಬ್ಬ ಕೇಳಿದ.

"ಮನಿ, ಹೆಸರು, ಹಳಿ ಗಿರಾಕಿ ಎಲ್ಲಾ ಹಿರ್ಯಾಂವಗ. ಸಣ್ಣಾಂವಗ ಹಿತ್ತಲದಾಗಿನ ಒಂದು ಶೆಡ್ಡು. ಅದನ್ನ ತೊಗೊಂಡು ಬ್ಯಾರೆ ಆದ."

ನನಗೆ ತಡೆಯಲಾಗಲಿಲ್ಲ. ಪಾಲಿನ ಜಗಳ ಎಂದರೆ ನನ್ನ ಕಿವಿ ತಾನಾಗಿಯೇ ನೆಟ್ಟಗಾಗುತ್ತದೆ. ನಮ್ಮ ಬಳಗದಲ್ಲೇ ಎರಡು ಮನೆತನಗಳ ಪಾಲು ಮಾಡಿಸಿ, ಎರಡೂ ಮನೆಯವರು ನನ್ನೊಡನೆ ಮಾತು ಬಿಟ್ಟಿರುವಷ್ಟು ಅನುಭವ ನನಗಿದೆ. ಕುರ್ಚಿ ಎಳೆದುಕೊಂಡು ಹೋಗಿ ಕುಳಿತು, ತಮ್ಮನಿಗೆ ಸಮಪಾಲು ಬರಲೇಬೇಕೆಂದೂ, ಅಣ್ಣ ಬಬಲೇಶ್ವರದವನೋ ಕಾಖಂಡಕಿಯವನೋ ಹೇಳಿದರೆ ನಾನೇ ಹೋಗಿ ನಾಲ್ಕು ಮಾತು ಬುದ್ಧಿ ಹೇಳುತ್ತೇನೆಂದೂ, ಅಷ್ಟಕ್ಕೂ ಕೇಳದಿದ್ದರೆ ವಿಜಯಪುರದಲ್ಲಿ ನನಗೆ ವಕೀಲರು ಗೊತ್ತೆಂದೂ ತಿಳಿಸಿದೆ.

ಜಿಲಾನಿ ಬಸಿ ಕೆಳಗಿಟ್ಟರು. ನನ್ನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದರು.

"ಹೋಗಿ ಹೇಳಿ ಬರ್ರಿ ಸರ. ಆದ್ರ ಸಮುದ್ರ ದಾಟಬೇಕಾಗತೈತಿ. ಮತ್ತ ಇಬ್ರೂ ಸತ್ತು ಬಾಳ ವರ್ಷ ಆತು."

ರೈತರು ನಕ್ಕ ರಭಸಕ್ಕೆ ಒಬ್ಬನ ಬಸಿಯ ಚಹಾ ನನ್ನ ಪ್ಯಾಂಟಿನ ಮೇಲೆ ಬಿತ್ತು. ಜಿಲಾನಿ ಮಾತನಾಡುತ್ತಿದ್ದದ್ದು ವೆಲ್ಟಾರೊ ಎಂಬ ಫೋನ್ ಕಂಪನಿಯನ್ನು ಹುಟ್ಟುಹಾಕಿದ ಸಹೋದರರ ಬಗ್ಗೆ. ಕೇಳುತ್ತಿದ್ದವರು ಆ ಕಂಪನಿಯ ಫೋನ್ ಕೊಳ್ಳಲು ಹೊರಟ ಗಿರಾಕಿಗಳು. ಕೊಳ್ಳುವ ಮೊದಲು ಮನೆತನ ವಿಚಾರಿಸುತ್ತಿದ್ದರು, ಅಷ್ಟೇ.

ನಮ್ಮ ಭಾಗದಲ್ಲಿ ಇದು ಹೊಸದೇನಲ್ಲ. ಎತ್ತು ತರುವಾಗ ಯಾರ ಮನೆಯ ಹಸುವಿನ ಕರು ಎಂದು ಕೇಳುತ್ತಾರೆ. ಸೊಸೆ ತರುವಾಗಲಂತೂ ಕೇಳಿಯೇ ಕೇಳುತ್ತಾರೆ. ಫೋನನ್ನು ಮಾತ್ರ ಹೆಸರು ಕುಲ ಗೊತ್ತಿಲ್ಲದೆ ಕಿಸೆಯಲ್ಲಿಟ್ಟುಕೊಳ್ಳಬೇಕು ಎಂದರೆ ಹೇಗೆ? ಈ ಅಡಚಣೆಯನ್ನು ಮೊದಲು ಕಂಡುಕೊಂಡವರು ಜಿಲಾನಿ. ಅದಕ್ಕೆ ಕಾರಣ, ಅವರು ಹುಟ್ಟಿನಿಂದ ಎತ್ತಿನ ದಲಾಲರು.

ತಂದೆ ದಾದಾಸಾಬ ಕೂಡ ದಲಾಲರೇ. ದನದ ಸಂತೆಯಲ್ಲಿ ಕೊಳ್ಳುವವನ ಕೈಯನ್ನೂ ಮಾರುವವನ ಕೈಯನ್ನೂ ವಲ್ಲಿಯ ಕೆಳಗೆ ಹಿಡಿದು, ಬೆರಳು ಒತ್ತಿ ಒತ್ತಿ, ಬಾಯಿ ಬಿಡದೆ ದರ ಕುದುರಿಸುತ್ತಿದ್ದವರು. ಮಗನಿಗೆ ಅವರು ಕಲಿಸಿದ ಧಂದೆಯ ನಿಯಮ ಒಂದೇ: ಮೊದಲು ಐಬು ಹೇಳು, ಆಮೇಲೆ ಮಾಲು ತೋರಿಸು. ಐಬು ಎಂದರೆ ದೋಷ. ಈ ಎತ್ತು ಒದೆಯುತ್ತದೆ, ಇದು ನೀರು ಕಂಡರೆ ನಿಲ್ಲುತ್ತದೆ, ಇದಕ್ಕೆ ಎಡಗಡೆ ಕಟ್ಟಿದರೆ ಆಗುವುದಿಲ್ಲ. ಇದನ್ನು ಸತ್ಯಹರಿಶ್ಚಂದ್ರನ ಸಾಲಿಗೆ ಸೇರಿಸಲು ನಾನು ಒಮ್ಮೆ ಪ್ರಯತ್ನಿಸಿದೆ. ಜಿಲಾನಿ ತಡೆದರು.

"ಸತ್ಯ ಗಿತ್ಯ ಏನಿಲ್ರಿ ಸರ. ಐಬು ಹೇಳಿ ಮಾರಿದ್ರ ಮಾಲು ವಾಪಸ್ ಬರಂಗಿಲ್ಲ. ಹೇಳದ ಮಾರಿದ್ರ, ನಡುರಾತ್ರಿ ತಂದು ನಮ್ಮ ಬಾಗಲಕ್ಕ ಕಟ್ಟಿ ಹೋಗ್ತಾರ."

ಕಾಲುವೆಯ ನೀರು ಬಂತು, ದ್ರಾಕ್ಷಿ ಹಬ್ಬಿತು, ಹೊಲಗಳಲ್ಲಿ ಎತ್ತಿನ ಜೋಡಿಗಳಿಗಿಂತ ಟ್ರ್ಯಾಕ್ಟರುಗಳು ಹೆಚ್ಚಾದವು. ಜಿಲಾನಿ ಕೆಲದಿನ ಹಳೆಯ ಟ್ರ್ಯಾಕ್ಟರುಗಳ ದಲಾಲಿಯನ್ನೂ ಮಾಡಿ ನೋಡಿದರು. ಹಲ್ಲು ನೋಡಿ ವಯಸ್ಸು ಹೇಳಲಾಗದ ಮಾಲಿನ ಮೇಲೆ ಅವರಿಗೆ ನಂಬಿಕೆ ಕೂಡಲಿಲ್ಲ. ಹೀಗಿರುವಾಗ ಒಂದು ದಿನ ಹೆಂಡತಿ ಸುರೈಯಾಳಿಗೆ ಫೋನ್ ಕೊಡಿಸಲೆಂದು ವಿಜಯಪುರಕ್ಕೆ ಬಂದು, ಸೊಲ್ಲಾಪುರ ರಸ್ತೆಯಲ್ಲಿರುವ ಶ್ರೀಮಂತನ ಅಂಗಡಿ ಹೊಕ್ಕರು.

ಶ್ರೀಮಂತ ಎಂಬುದು ಮಾಲೀಕನ ಹೆಸರು. ಅವನು ಅದನ್ನು ಅಂಗಡಿ ಎನ್ನುವುದಿಲ್ಲ, 'ನಮ್ಮ ಸಂಸ್ಥೆ' ಎನ್ನುತ್ತಾನೆ. ತನ್ನದೇ ದೊಡ್ಡ ಫೋಟೋದ ಕೆಳಗೆ ಕುಳಿತಿರುತ್ತಾನೆ. ಯಾರಾದರೂ ಮಾಲೀಕರೆಲ್ಲಿ ಎಂದು ಕೇಳಿದರೆ ಕಣ್ಣಿನಿಂದ ಮೇಲಕ್ಕೆ ತೋರಿಸುತ್ತಾನೆ. ಅಂದು ಜಿಲಾನಿ ಅಲ್ಲಿ ಫೋನ್ ತೋರಿಸುವ ಹುಡುಗಿಯರನ್ನು "ಇದರ ಐಬು ಏನು?" ಎಂದು ಕೇಳಿದರು. ಅವರು ಕ್ಯಾಮೆರಾ ಎಷ್ಟು ದೊಡ್ಡದು ಎಂದು ಹೇಳಿದರು. ಮತ್ತೆ ಕೇಳಿದರು. ಅವರು ಬಣ್ಣಗಳ ಹೆಸರು ಹೇಳಿದರು. ಬೇಸತ್ತ ಜಿಲಾನಿ ತಾವೇ ಒಂದೊಂದು ಫೋನನ್ನೂ ಎತ್ತಿ, ತಿರುವಿ, ತೂಗಿ, ಕಿವಿಗೆ ಹಿಡಿದು, ಕಿಸೆಗೆ ಇಳಿಸಿ, ಪಕ್ಕದಲ್ಲಿ ನಿಂತಿದ್ದ ಬಬಲೇಶ್ವರದ ಗಿರಾಕಿಗಳಿಗೆ ಹೇಳತೊಡಗಿದರು: ಇದು ಕೈಯಾಗ ಜಾರತೈತಿ, ಇದರ ದನಿ ಮೂಗಿನಾಗಿಂದ ಬರತೈತಿ, ಇದು ತೂಕ ಬಾಳ, ಅಂಗಿ ಕಿಸೆ ಜೋತು ಬೀಳತೈತಿ. ಬಬಲೇಶ್ವರದವರು ಐಬು ತಿಳಿದ ಫೋನುಗಳನ್ನು ನೆಮ್ಮದಿಯಿಂದ ಕೊಂಡು ಹೋದರು. ಶ್ರೀಮಂತ ಫೋಟೋದ ಕೆಳಗಿನಿಂದ ಎದ್ದು ಬಂದು ಜಿಲಾನಿಯವರನ್ನು ಕೆಲಸಕ್ಕೆ ಕರೆದ. ಆ ಅಂಗಡಿಯಲ್ಲಿ ವೆಲ್ಟಾರೊ ಕಂಪನಿಯ ಫೋನ್ ಮಾರಲು ಒಬ್ಬರು ಬೇಕಾಗಿದ್ದರು. ಕಂಪನಿ ಒಂದು ವರ್ಷದ ಕರಾರು ಮಾಡಿಕೊಂಡು ಕಿತ್ತಳೆ ಬಣ್ಣದ ಟೀ ಶರ್ಟ್ ಕೊಟ್ಟಿತು. ಜಿಲಾನಿ ಅದರ ಮೇಲೆ ವಲ್ಲಿ ಹಾಕಿಕೊಂಡರು.

ತರಬೇತಿಗೆಂದು ಹುಬ್ಬಳ್ಳಿಗೆ ಕರೆದೊಯ್ದು ಕಂಪನಿಯ ಚರಿತ್ರೆ ಹೇಳಿದರಂತೆ. ಇಬ್ಬರು ಸಹೋದರರು, ಒಂದು ಶೆಡ್ಡು, ಒಂದು ಕನಸು. ಮೊದಲು ಸೈಕಲ್ಲಿಗೆ ಹಚ್ಚುವ ದೀಪ ಮಾಡಿದರು, ಆಮೇಲೆ ರೇಡಿಯೋ, ಅವರ ಮಕ್ಕಳ ಕಾಲಕ್ಕೆ ಫೋನು. ನಡುವೆ ಕಿರಿಯ ಸಹೋದರ 'ಹೊಸ ದಿಗಂತಗಳನ್ನು ಅರಸಿ' ಹೊರನಡೆದ. ಇಲ್ಲಿ ಜಿಲಾನಿ ಎದ್ದು ನಿಂತರು.

"ಜಗಳಾ ಯಾತಕ್ಕ ಆತ್ರಿ?"

ಕಲಿಸುವವನಿಗೆ ಗೊತ್ತಿರಲಿಲ್ಲ. ಜಗಳವೇ ಆಗಿಲ್ಲ ಎಂದ.

"ಜಗಳಾ ಆಗದ ಅಣ್ಣತಮ್ಮರು ಬ್ಯಾರೆ ಆಗ್ತಾರಂದ್ರ ನಮ್ಮ ಕಡೆ ಯಾರೂ ನಂಬಂಗಿಲ್ರಿ. ಫೋನ್ ಹೆಂಗ ಮಾರಲಿ ನಾ?"

ಹೀಗೆ, ಕಂಪನಿ ಕೊಡದೇ ಹೋದದ್ದನ್ನು ಅವರ ಊರು ತಿಕೋಟಾ ಕೊಟ್ಟಿತು. ಕಿರಿಯನ ಹೆಂಡತಿ, ಎರಡು ಒಲೆ, ಶೆಡ್ಡಿನ ಪಾಲು ಎಲ್ಲ ಒಂದೊಂದಾಗಿ ಚರಿತ್ರೆಯೊಳಗೆ ಬಂದವು. ಕಿರಿಯ ಆ ಶೆಡ್ಡಿನಲ್ಲಿ ಬ್ಯಾಟರಿ ಮಾಡಲು ತೊಡಗಿದ, ಅಣ್ಣನ ಫೋನಿಗೆ ಇಂದಿಗೂ ತಮ್ಮನ ಮನೆಯ ಬ್ಯಾಟರಿಯೇ ಎಂಬುದೂ ಸೇರಿತು. ಇದರಿಂದ ಶ್ರೀಮಂತನಿಗೆ ದೊಡ್ಡ ಅನುಕೂಲವಾಯಿತು. ಬ್ಯಾಟರಿ ಬೇಗ ಇಳಿದರೆ ನಮ್ಮ ಜನ ಅಂಗಡಿಗೆ ಬಂದು ಜಗಳ ತೆಗೆಯುವುದಿಲ್ಲ. "ತಮ್ಮನ ಸಿಟ್ಟು ಇನ್ನಾ ಇಳದಿಲ್ಲ" ಎಂದು ತಾವೇ ಸಮಾಧಾನ ಮಾಡಿಕೊಂಡು ಚಾರ್ಜಿಗೆ ಹಾಕುತ್ತಾರೆ. ವೆಲ್ಟಾರೊ ಎಂಬ ಹೆಸರು ಯಾರ ನಾಲಗೆಗೂ ಒಗ್ಗಲಿಲ್ಲ. ಕಾಖಂಡಕಿಯಿಂದ ತಿಕೋಟಾದವರೆಗೆ ಅದು ಅಣ್ಣತಮ್ಮರ ಫೋನು.

ಕ್ಯಾಮೆರಾ ಪರೀಕ್ಷೆ ಅಂಗಡಿಯ ಮಾಳಿಗೆಯ ಮೇಲೆ. ಗಿರಾಕಿಯನ್ನು ಮೇಲೆ ಕರೆದೊಯ್ದು, ಗೋಳಗುಮ್ಮಟದ ಕಡೆ ಫೋನ್ ಹಿಡಿಸಿ, ಗೂಡಿನಲ್ಲಿ ಕುಳಿತ ಪಾರಿವಾಳ ಕಂಡರೆ ಪಾಸು. ಕಾಣದಿದ್ದರೆ ಅದೇ ಐಬು. ಇನ್ನು ಕೆಲವು ಫೋನುಗಳಲ್ಲಿ ಏನು ಹುಡುಕಿದರೂ ಐಬು ಸಿಗುತ್ತಿರಲಿಲ್ಲ. ಆಗ ನಿಜವಾದ ತೊಂದರೆ. ಐಬು ಇಲ್ಲ ಎಂದರೆ ಗಿರಾಕಿ ಅನುಮಾನದಿಂದ ಕೆಳಗಿಟ್ಟು ಹೋಗಿಬಿಡುತ್ತಿದ್ದ. ಹಾಗಾಗಿ ಜಿಲಾನಿ ಒಂದೊಂದು ಐಬನ್ನು ತಾವೇ ಕಟ್ಟಿ ಕೊಡುತ್ತಿದ್ದರು. "ಇದರ ಮೂಲಿ ಚೂಪ ಅದ, ವರ್ಷಕ್ಕ ಒಂದು ಕಿಸೆ ಹರೀತೈತಿ" ಎನ್ನುವರು. "ಗಂಟಿ ಹೊಡದ್ರ ನಾಯಿ ಬೊಗಳತಾವು" ಎನ್ನುವರು. ಗಿರಾಕಿ ತೃಪ್ತನಾಗಿ ಕೊಳ್ಳುತ್ತಿದ್ದ. ಹೊಗಳಲು ಸುಳ್ಳು ಹೇಳುವ ವ್ಯಾಪಾರಿಗಳನ್ನು ಬೇಕಾದಷ್ಟು ಕಂಡಿದ್ದೇನೆ. ತೆಗಳಲು ಸುಳ್ಳು ಹೇಳುವವರನ್ನು ಕಂಡದ್ದು ಇಲ್ಲೇ.

ಈ ವರ್ಷ ಕಂಪನಿಯ ಹೊಸ ಫೋನ್ ಬಂತು: ವೆಲ್ಟಾರೊ ನೈನ್. ಅದರ ಜೊತೆಗೆ ಕಂಪನಿಯ ಮ್ಯಾನೇಜರ್ ಸುಭಾಷನೂ ಬಂದ. ಚೂಪು ಬೂಟು, ಕಿವಿಯಲ್ಲಿ ಸದಾ ಒಂದು ಬಿಳಿ ಕಾಳು. ಅವನ ಪ್ರಕಾರ ಅದು ಫೋನಲ್ಲ, 'ಒಂದು ಜರ್ನಿ'. ವಿಜಯಪುರದಲ್ಲಿ ಫೋನು ಹೆಚ್ಚು ಮಾರಾಟವಾಗುತ್ತಿರುವುದು ಮೇಲಿನವರ ಗಮನಕ್ಕೆ ಬಂದಿದೆ, ಬಿಡುಗಡೆಯ ಸಮಾರಂಭವನ್ನು ವಿಡಿಯೋ ಮಾಡಿ ಕಳಿಸಬೇಕು, ಜಿಲಾನಿ ವೇದಿಕೆಯ ಮೇಲೆ ನಿಂತು ಕಂಪನಿಯ ಕಥೆ ಹೇಳಬೇಕು ಎಂದ. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ. ಜಿಲಾನಿಯವರ ಕರಾರು ಈ ತಿಂಗಳು ಮುಗಿಯುತ್ತದೆ. ಅಂಗಡಿಗಳಲ್ಲಿ ಇನ್ನು ಮುಂದೆ ಎಳೆಯ ಮುಖಗಳೇ ಇರಲಿ ಎಂದು ಮೇಲಿನವರ ಮನಸ್ಸು. ಸಮಾರಂಭ ಚೆನ್ನಾಗಿ ನಡೆದರೆ ಕರಾರು ಮುಂದುವರಿಸಲು ತಾನು ಹೇಳಿ ನೋಡುತ್ತೇನೆ.

"ಒಂದೇ ಕಂಡೀಷನ್ ಚಾಚಾ. ಐಬು ಗೀಬು ಅನ್ನೋ ಮಾತೇ ಬರಬಾರದು. ಆ ತಮ್ಮನ ಹೆಂಡತಿನೂ ಬರಬಾರದು. ಕಥೆ ಹೇಳಿ, ಫೋನ್ ಕೊಡಿ, ನಗಿ."

"ಆತ್ರಿ," ಎಂದರು ಜಿಲಾನಿ.

ಆ ದಿನ ಸಂಜೆ ನಾನು ಸಿಕ್ಕಾಗ ಅವರು ಎಂದಿನಂತೆ ಇರಲಿಲ್ಲ. "ಎತ್ತು ಹೋದವು, ಫೋನು ಬಂದವು. ಈಗ ಇದೂ ಹೋದ್ರ, ಈ ವಯಸ್ಸಿನ್ಯಾಗ ಮೂರನೇ ಧಂದೆ ಎಲ್ಲಿ ಕಲೀಲಿ ಸರ? ಸುರೈಯಾ ಅಂತೂ ಮುಂಜಾನಿಂದ ಒಂದ ಸವನ ಹೇಳಾಕತ್ತಾಳ, ಬಾಯಿ ಮುಚ್ಕೊಂಡಿರ್ರಿ, ಬಾಯಿ ಮುಚ್ಕೊಂಡಿರ್ರಿ ಅಂತ. ಬಾಯಿ ಮುಚ್ಕೊಂಡ ಕಥಿ ಹೆಂಗ ಹೇಳೂದು ಅನ್ನೂದೊಂದು ಹೇಳಾಕ ಒಲ್ಲಳು."

ಸಮಾರಂಭದ ದಿನ ಅಂಗಡಿಯ ಮುಂದೆ ಪೆಂಡಾಲು, ಧ್ವನಿವರ್ಧಕ, ಕೆಂಪು ಪಟ್ಟಿ. ಹೊಸ ಫೋನಿನ ಪೆಟ್ಟಿಗೆಯನ್ನು ಕಂಪನಿಯ ನಿಯಮದಂತೆ ವೇದಿಕೆಯ ಮೇಲೆಯೇ ಒಡೆಯಬೇಕಿತ್ತು. ಅದಕ್ಕೂ ಮೊದಲು ಯಾರೂ ಮುಟ್ಟುವಂತಿಲ್ಲ. ಮೊದಲ ಫೋನ್ ಪಡೆಯಬೇಕಾದವಳು ಕಾಖಂಡಕಿಯ ಭೀಮಾಬಾಯಿ. ಕುರಿಯ ಹಿಂಡೂ ದ್ರಾಕ್ಷಿಯ ತೋಟವೂ ಇರುವ ಗಟ್ಟಿ ಹೆಂಗಸು. ಜಿಲಾನಿಯವರ ಕೈಯಿಂದ ಹಿಂದೆ ಎತ್ತು ಕೊಂಡವಳು, ಆಮೇಲೆ ಫೋನು ಕೊಂಡವಳು. ಅವಳು ಕೊಂಡರೆ ಊರು ಕೊಳ್ಳುತ್ತದೆ ಎಂಬುದು ಶ್ರೀಮಂತನಿಗೆ ಗೊತ್ತಿದ್ದರಿಂದಲೇ ಮೊದಲ ಸರದಿ ಅವಳಿಗೆ. ಮಗ ಅಮಸಿದ್ದನನ್ನೂ, ಊರಿನ ಇಪ್ಪತ್ತು ಮಂದಿಯನ್ನೂ ಕರೆದುಕೊಂಡು ಮುಂಜಾನೆಯ ಬಸ್ಸಿಗೇ ಬಂದಿದ್ದಳು.

ಹತ್ತಕ್ಕೆ ಎಂದಿದ್ದು ಹನ್ನೆರಡಕ್ಕೆ ಶುರುವಾಯಿತು. ಅಲ್ಲಿಯವರೆಗೂ ಜಿಲಾನಿಯವರನ್ನು ಬಿಸಿಲಲ್ಲಿ ವೇದಿಕೆಯ ಮೇಲೆ ನಿಲ್ಲಿಸಿ, ಸುಭಾಷ ಕ್ಯಾಮೆರಾದವನಿಂದ ಬೆಳಕು ಸರಿಪಡಿಸಿಕೊಳ್ಳುತ್ತಿದ್ದ. ವಲ್ಲಿಯನ್ನು ಮೊದಲೇ ತೆಗೆಸಿದ್ದ. ಶ್ರೀಮಂತ ಸಂಸ್ಥೆಯ ಸಾಧನೆಗಳ ಕುರಿತು ಮಾತನಾಡಿದ, ಅವು ಬಹಳವಿದ್ದವು. ಕೊನೆಗೆ ಜಿಲಾನಿ ಕಥೆ ಹೇಳಿದರು. ಸೈಕಲ್ಲಿನ ದೀಪ, ರೇಡಿಯೋ ಮುಗಿಸಿ, ಕಿರಿಯ ಸಹೋದರ ಹೊಸ ದಿಗಂತ ಅರಸಿ ಹೊರನಡೆದ ಎನ್ನುವಲ್ಲಿಗೆ ಬಂದಾಗ ಕೆಳಗಿನಿಂದ ಅಮಸಿದ್ದ ಕೂಗಿದ.

"ತಮ್ಮನ ಹೇಂತಿ ಎಲ್ಲಿ ಹೋದ್ಲು ಚಾಚಾ?"

"ತವರಮನಿಗಿ ಹೋಗ್ಯಾಳ, ಸುಮ್ನ ಕುಂಡ್ರಲೇ," ಎಂದರು ಜಿಲಾನಿ ಮೈಕಿನಲ್ಲೇ. ಸುಭಾಷ ಹಲ್ಲು ಕಚ್ಚಿ ನಕ್ಕ.

ಪೆಟ್ಟಿಗೆ ಒಡೆದರು. ಜಿಲಾನಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದರು. ಭೀಮಾಬಾಯಿ ಕೈ ಚಾಚಲಿಲ್ಲ. ಸೆರಗು ಸರಿ ಮಾಡಿಕೊಂಡು ನಿಂತಳು.

"ಐಬು ಹೇಳು."

ಜಿಲಾನಿ ನಿಂತಲ್ಲೇ ಕಾಲು ಬದಲಿಸಿದರು. ಸುಭಾಷ ಮುಂದೆ ಬಂದ. "ಇದರಲ್ಲಿ ಐಬೇ ಇಲ್ಲಮ್ಮಾ. ಪ್ರಪಂಚದಲ್ಲೇ ಇಂಥದ್ದು ಇಲ್ಲ."

"ಇಂವ ಯಾರಪಾ?"

"ನಮ್ಮ ಸಾಹೇಬ್ರವ್ವಾ."

"ಇವನ ಹೊಟ್ಟ್ಯಾಗ ಹುಟ್ಟೈತೇನು ಅದು? ಹೆತ್ತವರು ಎಲ್ಲಾರೂ ಹಂಗ ಅಂತಾರ. ನೀ ಹೇಳ."

ನಾನು ಮೊದಲ ಸಾಲಿನಲ್ಲಿ ಕುಳಿತಿದ್ದೆ. ಇಲ್ಲ ಎಂದರೆ ಕಂಪನಿ ಸಂತೋಷ ಪಡುತ್ತದೆ. ಕಿಸೆ ಹರಿಯುತ್ತದೆ ಎಂದರೆ ಭೀಮಾಬಾಯಿ ಸಂತೋಷ ಪಡುತ್ತಾಳೆ. ಎರಡರಲ್ಲಿ ಯಾವುದನ್ನು ಆರಿಸುತ್ತಾರೆ ಎಂದು ನಾನು ನೋಡುತ್ತಿದ್ದೆ. ಜಿಲಾನಿ ಫೋನನ್ನು ಮೇಜಿನ ಮೇಲಿಟ್ಟರು.

"ನನಗ ಗೊತ್ತಿಲ್ಲವ್ವಾ. ಈಗ ನಿನ್ನ ಮುಂದ ಡಬ್ಬಿ ಒಡದಾರ. ನಾ ಇನ್ನಾ ನೋಡೇ ಇಲ್ಲ."

"ಹಂಗಾರ ನೋಡು. ನೋಡಿ ಹೇಳು. ಬರೂ ವಾರ ಬರ್ತೀನಿ."

ಭೀಮಾಬಾಯಿ ವೇದಿಕೆ ಇಳಿದಳು. ಅವಳ ಹಿಂದೆ ಇಪ್ಪತ್ತು ಮಂದಿ ಎದ್ದರು. ಅವರು ಎದ್ದದ್ದನ್ನು ನೋಡಿ, ಏಕೆಂದು ಗೊತ್ತಿಲ್ಲದ ತಿಕೋಟಾದವರೂ ಎದ್ದರು. ಪೆಂಡಾಲಿನಲ್ಲಿ ಶ್ರೀಮಂತ, ಸುಭಾಷ, ಕತ್ತರಿಸದ ಕೇಕು ಮತ್ತು ನಾನು ಉಳಿದೆವು. ಜಿಲಾನಿ ಯಾರಿಗೂ ಹೇಳದೆ ಸರಸರನೆ ಅಂಗಡಿಯ ಹಿಂದಕ್ಕೆ ಹೋದರು. ತಿರುಗಿ ಬಂದಾಗ ಸುಭಾಷ ಕಾಯುತ್ತಿದ್ದ.

"ಟೀ ಶರ್ಟ್ ಬಿಚ್ಚಿ ಕೊಟ್ಟು ಹೋಗಿ."

ಕೊಟ್ಟರು. ತಮ್ಮ ಹಳೆಯ ಬಿಳಿ ಅಂಗಿ ತೊಟ್ಟು, ವಲ್ಲಿ ಹೆಗಲಿಗೆ ಹಾಕಿಕೊಂಡು ತಿಕೋಟಾ ಬಸ್ಸು ಹತ್ತಲು ಹೊರಟರು. ಶ್ರೀಮಂತ ಸುಭಾಷನಿಗೆ ಕಾಣದಂತೆ ಅವರ ಹಿಂದೆಯೇ ಬಂದು, ಪ್ರದರ್ಶನಕ್ಕೆಂದು ಬಂದಿದ್ದ ಒಂದು ನೈನ್ ಫೋನನ್ನು ಕೈಗಿಟ್ಟ. "ಒಯ್ದು ನೋಡ್ರಿ ಚಾಚಾ. ಮುದುಕಿ ಮತ್ತ ಬರ್ತಾಳ. ಆಕಿ ಕೇಳಿದ್ರ ನಾ ಏನು ಹೇಳಲಿ?" ಸಂಸ್ಥೆ ಎಂಬ ಮಾತು ಅಂದು ಅವನ ಬಾಯಲ್ಲಿ ಬರಲಿಲ್ಲ.

ಸಂಬಳವಿಲ್ಲದ ಆ ವಾರ ಜಿಲಾನಿ ಮಾಡಿದ್ದೆಲ್ಲ ಪರೀಕ್ಷೆಯೇ. ಜೋಳದ ಹಿಟ್ಟು ಮೆತ್ತಿದ ಕೈಯಿಂದ ಸುರೈಯಾ ಒತ್ತಿ ನೋಡಿದಳು. ಜಿಲಾನಿಯವರ ತಮ್ಮ ಫಯಾಜ ಅದನ್ನು ಮೋಟರ್‌ಸೈಕಲ್ಲಿಗೆ ಕಟ್ಟಿಕೊಂಡು ಬಬಲೇಶ್ವರಕ್ಕೆ ಹೋಗಿ ಬಂದ. ಬಕೆಟ್ಟಿನ ನೀರಿಗೂ ಬಿತ್ತು. ಅದು ಪರೀಕ್ಷೆಯೋ ಕೈತಪ್ಪೋ ಎಂದು ಗಂಡಹೆಂಡಿರಲ್ಲಿ ಇನ್ನೂ ಒಮ್ಮತವಿಲ್ಲ. ಕೊನೆಗೆ ಐಬು ಸಿಕ್ಕಿದ್ದು ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ. ಭಾವಮೈದುನ ಅಶ್ಫಾಕನ ಜೊತೆ ಮಧ್ಯಾಹ್ನ ಅಲ್ಲಿ ಹೋದಾಗ ತಗಡಿನ ಕಾವಿಗೆ ಫೋನು ತನ್ನಷ್ಟಕ್ಕೆ ತಾನೇ ಕಣ್ಣು ಮುಚ್ಚಿತು. ಬೇವಿನ ನೆರಳಿಗೆ ತಂದರೆ ಎದ್ದಿತು. ಮರುದಿನ ಮತ್ತೆ ಒಯ್ದರು. ಮತ್ತೆ ಮುಚ್ಚಿತು. ಜಿಲಾನಿಗೆ ಎಷ್ಟು ಆನಂದವಾಯಿತೆಂದರೆ, ಅಲ್ಲಿಂದಲೇ ನನಗೆ ಕರೆ ಮಾಡಿದರು. ತಮ್ಮ ಹಳೆಯ ಫೋನಿನಿಂದ.

ಇತ್ತ ಅಂಗಡಿಯಲ್ಲಿ ಎಳೆಯ ಮುಖವೊಂದು ಟೀ ಶರ್ಟ್ ತೊಟ್ಟು ನಿಂತಿತ್ತು. ಹೇಳಿದ ವಾರಕ್ಕೆ ಸರಿಯಾಗಿ ಭೀಮಾಬಾಯಿ ಬಂದಳು, ಅವಳ ಮಂದಿಯೂ ಬಂದರು. ಜಿಲಾನಿ ಇಲ್ಲ ಎಂದು ತಿಳಿದಾಗ ಅವಳು ಜಗಳವಾಡಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ರೊಟ್ಟಿಯ ಗಂಟು ಬಿಚ್ಚಿದಳು. ಮೆಟ್ಟಿಲು ತುಂಬಿತು. ಬೇರೆ ಗಿರಾಕಿಗಳಿಗೆ ಒಳಗೆ ಹೋಗಲು ದಾರಿಯಿಲ್ಲ. ಶ್ರೀಮಂತ ಸುಭಾಷನಿಗೆ ಫೋನ್ ಹಚ್ಚಿ, ಮೆಟ್ಟಿಲಿನ ಕಡೆ ಕ್ಯಾಮೆರಾ ತಿರುಗಿಸಿ ತೋರಿಸಿದ. ಸುಭಾಷ ಮೆಟ್ಟಿಲ ಮೇಲಿನ ತಲೆಗಳನ್ನು ಎಣಿಸಿದ. ಆಮೇಲೆ, "ಕರೆಸಿ," ಎಂದ.

ಜಿಲಾನಿ ತಿಕೋಟಾದಿಂದ ಬಸ್ಸಿಗೆ ಬಂದು ಮೆಟ್ಟಿಲ ಬಳಿಯೇ ನಿಂತು ಹೇಳಿದರು.

"ಇಷ್ಟೇ ಐಬು ನೋಡವ್ವಾ. ತಗಡಿನ ಕೆಳಗ, ಮಧ್ಯಾಹ್ನದ ಝಳಕ್ಕ ಕಣ್ಣು ಮುಚ್ಚಿ ಬಿಡತೈತಿ. ಬಡದ್ರೂ ಏಳಂಗಿಲ್ಲ. ನೆಳ್ಳಿಗಿ ತಂದ್ರ ತಾನ ಏಳತೈತಿ."

"ನನ್ನ ಗಂಡನೂ ಹಂಗ," ಎಂದಳು ಭೀಮಾಬಾಯಿ, ರೊಟ್ಟಿಯ ಗಂಟು ಕಟ್ಟುತ್ತ. "ಕೊಡು."

ಅಂದು ಅಂಗಡಿಯಲ್ಲಿದ್ದ ನೈನ್ ಫೋನುಗಳು ಸಂಜೆಗೆ ಮುಗಿದವು. ಕರಾರು ಇನ್ನೊಂದು ವರ್ಷಕ್ಕೆ ಮುಂದುವರಿಯಿತು. ಖಾಯಂ ಮಾಡುವ ಮಾತನ್ನು ಯಾರೂ ಎತ್ತಿಲ್ಲ. ಟೀ ಶರ್ಟ್ ತಿರುಗಿ ಬಂತು, ಎಳೆಯ ಮುಖ ಬೇರೆ ಕಂಪನಿಯ ಶರ್ಟಿಗೆ ಹೋಯಿತು. ಐಬನ್ನು ಕ್ಯಾಮೆರಾದ ಮುಂದೆ ಹೇಳಬಾರದು, ಅಂಗಡಿಯೊಳಗೆ ಮಾತ್ರ ಹೇಳಬಹುದು ಎಂದು ಸುಭಾಷ ಹೊಸ ನಿಯಮ ಮಾಡಿದ್ದಾನೆ. ಅದನ್ನು ಅವನು 'ಲೋಕಲ್ ಜರ್ನಿ' ಎಂದು ಕರೆಯುತ್ತಾನೆ.

ಇದೆಲ್ಲ ಮುಗಿದ ಮೇಲೆ ನಾನು ಜಿಲಾನಿಯವರನ್ನು ಅಂಗಡಿಯ ಮಾಳಿಗೆಯ ಮೇಲೆ ಹಿಡಿದೆ. ಇವರ ಬಗ್ಗೆ ಬರೆಯುವುದೆಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿಯಾಗಿತ್ತು. ಬರೆಯುವವನು ಕೇಳುವಂಥ ಪ್ರಶ್ನೆಯೊಂದನ್ನು ರಾತ್ರಿಯೆಲ್ಲ ಸಿದ್ಧಪಡಿಸಿಕೊಂಡು ಬಂದಿದ್ದೆ. ಗಂಟಲು ಸರಿಪಡಿಸಿಕೊಂಡು ಕೇಳಿದೆ: "ಜಿಲಾನಿಯವರೇ, ಅಂದು ಆ ವೇದಿಕೆಯ ಮೇಲೆ, ಒಂದು ಕಡೆ ಅನ್ನ, ಇನ್ನೊಂದು ಕಡೆ ತಂದೆ ಕಲಿಸಿದ ಮಾತು. ಕಂಪನಿಗೆ ಬೇಕಾದ ಸುಳ್ಳನ್ನೂ ಹೇಳಲಿಲ್ಲ, ಗಿರಾಕಿಗೆ ಬೇಕಾದ ಸುಳ್ಳನ್ನೂ ಹೇಳಲಿಲ್ಲ. ಗೊತ್ತಿಲ್ಲ ಎಂಬ ಆ ಮಾತು ಬರುವ ಮುನ್ನ ನಿಮ್ಮ ಅಂತರಂಗದಲ್ಲಿ ಏನು ನಡೆದಿತ್ತು?"

ಜಿಲಾನಿ ನನ್ನನ್ನು ಮರುಕದಿಂದ ನೋಡಿದರು.

"ಉಚ್ಚಿ ಬಂದಿತ್ರಿ ಸರ. ಮುಂಜಾನಿ ಹತ್ತರಿಂದ ನಿಲ್ಲಿಸಿದ್ರು. ಐಬು ಕಟ್ಟಾಕ ಪುರಸತ್ತು ಎಲ್ಲಿತ್ತು?"